ಹಂಪೆಯ ದಾರಿಯ ಪಾಥೇಯ

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಒಂದೇ ಸೂತ್ರದಿಂದ ಸಿದ್ಧಿಸುವ ನಾಲ್ಕು ಶಬ್ದಗಳಿವೆ: ಪಾಥೇಯ, ಆತಿಥೇಯ, ವಾಸತೇಯ, ಸ್ವಾಪತೇಯ. ಪಥದಲ್ಲಿ ಒದಗುವ ಬುತ್ತಿಯು ಪಾಥೇಯ. ಅತಿಥಿಯ ವಿಷಯದಲ್ಲಿ ಸಲ್ಲುವ ಉಪಚಾರವು ಆತಿಥೇಯ. ತಂಗುವುದಕ್ಕೆ ಯೋಗ್ಯವಾದುದು ವಾಸತೇಯ. ತನ್ನದೆಂಬ ಒಡೆತನಕ್ಕೆ ಸೇರಿದ ಧನವು ಸ್ವಾಪತೇಯ. ವೈಯಾಕರಣನಿಗೆ ಇಲ್ಲಿ ಬೇಕಾಗಿದ್ದುದು ಪ್ರತ್ಯಯವೊಂದೇ. ಆದರೆ ಮಡದಿಮಕ್ಕಳನ್ನು ಕರೆದುಕೊಂಡು ಊರು ಬಿಟ್ಟು ಹೊರಡುವ ಗೃಹಸ್ಥನಿಗೆ ಈ ನಾಲ್ಕೂ ಒಟ್ಟಾಗಿಯೇ ಬೇಕಾಗುವುವು. ಮೊದಲಿನ ಮೂರು ಸಮೃದ್ಧವಾಗಿದ್ದಲ್ಲಿ ನಾಲ್ಕನೆಯದು ಗಂಟಿನಲ್ಲಿಯೇ ಉಳಿಯುವುದು. ಆ ಮೂರೂ ಕ್ಷೀಣಿಸಿದಂತೆಲ್ಲ ಭಾರವು ನಾಲ್ಕನೆಯದರ ಮೇಲೆ ಬೀಳುವುದು. ಹೊಸಪೇಟೆಯಿಂದ ಮಲಪನಗುಡಿಯ ಮೇಲೆ ಹಂಪೆಗೆ ಹೋಗುವ ಹಾದಿಯ ಇತಿಹಾಸವನ್ನು ನೋಡಿದರೆ ಈ ಮಾತಿನ ಸತ್ಯವು ತಿಳಿಯುವುದು.

ಇದನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಶಾಲೆಗಳಿಗೆ ರಜೆ ಬಂದೊಡನೆ ಮಧ್ಯಮಸ್ಥಿತಿಯ ಮನೆಗಳಲ್ಲಿ ಪ್ರವಾಸದ ಮಾತು ಹೊರಡುವುದು. ವಸತಿಗೆ ಇಷ್ಟು, ಊಟ ತಿಂಡಿಗೆ ಇಷ್ಟು, ಬಾಡಿಗೆಯ ವಾಹನಕ್ಕೆ ಇಷ್ಟು ಎಂದು ಲೆಕ್ಕ ಹಾಕುವಷ್ಟರಲ್ಲಿ ಮಾತು ತಣ್ಣಗಾಗುವುದು. “ಮುಂದಿನ ವರ್ಷ ನೋಡೋಣ” ಎಂದು ತಂದೆಯು ಹೇಳುವನು. ಮುಂದಿನ ವರ್ಷವೂ ಅದೇ ಮಾತು. ಹೀಗೆ ಕೂಗಳತೆಯಲ್ಲಿರುವ ವಿಜಯನಗರವನ್ನು ಕಾಣದೆಯೇ ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ದೊಡ್ಡವರಾಗುತ್ತಿದ್ದಾರೆ. ಪರದೇಶದವರು ಸಮುದ್ರ ದಾಟಿ ಬಂದು ನೋಡುವುದನ್ನು ನಮ್ಮವರು ಖರ್ಚಿಗೆ ಅಂಜಿ ಬಿಟ್ಟುಬಿಡುವುದು ಸಣ್ಣ ನಷ್ಟವಲ್ಲ. ನಮ್ಮ ಹಿರಿಯರಿಗೆ ನಮಗಿಂತಲೂ ಕಡಿಮೆ ಹಣವಿದ್ದಿತು. ಆದರೂ ಅವರು ಯಾತ್ರೆ ಮಾಡಿದರು. ಹೇಗೆ ಮಾಡಿದರೆಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಹಾದಿಯನ್ನು ನೋಡೋಣ. ಹೊಸಪೇಟೆಯಿಂದ ಹಂಪೆಗೆ ಸುಮಾರು ೧೩ ಕಿಲೋಮೀಟರುಗಳು. ಅನಂತಶಯನಗುಡಿಯನ್ನು ದಾಟಿದ ಮೇಲೆ ಮಲಪನಗುಡಿಯು ಸಿಕ್ಕುವುದು. ಇಲ್ಲಿಯ ಮಲ್ಲಿಕಾರ್ಜುನನ ದೇವಾಲಯದಿಂದ, ಎಂದರೆ ಮಲ್ಲಪ್ಪನ ಗುಡಿಯಿಂದ, ಊರಿಗೆ ಈ ಹೆಸರು ಬಂದಂತೆ ತೋರುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ಹೊಸಪೇಟೆಗೆ ನಾಗಲಾಪುರವೆಂದು ಹೆಸರು. ಸುಮಾರು ೧೫೨೦ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿಯಾದ ದೊಮಿಂಗೊ ಪಾಯಸನು ಈ ಹಾದಿಯನ್ನು ಕಣ್ಣಾರೆ ಕಂಡು ಬಣ್ಣಿಸಿದ್ದಾನೆ. ಅವನ ಬರಹವನ್ನು ರಾಬರ್ಟ್ ಸೂಯೆಲ್ಲರು ೧೯೦೦ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿ ಪ್ರಕಟಿಸಿದ ಮೇಲೆ ಅದು ಎಲ್ಲರಿಗೂ ತಿಳಿಯಿತು. ಹೊಸ ಪಟ್ಟಣದಿಂದ ರಾಜಧಾನಿಯವರೆಗೂ ವಿಶಾಲವಾದ ಬೀದಿಯಿದ್ದಿತೆಂದೂ, ಎರಡು ಪಕ್ಕಗಳಲ್ಲಿಯೂ ಸಾಲುಮನೆಗಳೂ ಸಕಲ ಪದಾರ್ಥಗಳನ್ನು ಮಾರುವ ಅಂಗಡಿಗಳೂ ಇದ್ದುವೆಂದೂ, ಹೋಗಿಬರುವವರಿಗೆ ನೆರಳಾಗಲೆಂದು ಅರಸನು ಮರಗಳನ್ನು ನೆಡಿಸಿದ್ದನೆಂದೂ ಅವನು ಹೇಳುತ್ತಾನೆ. ಇಂದು ಮಲಪನಗುಡಿಯ ನಿವಾಸಿಗಳು ನಡೆದಾಡುವ ನೆಲವು ಆ ಸಾಲುಮರಗಳ ನೆಲವೇ ಆಗಿದೆ.

ನೆರಳು ಅಲ್ಪವಸ್ತುವೆಂದು ವಾಚಕರು ಎಣಿಸಬಾರದು. ನಮ್ಮದು ಬಿಸಿಲ ಸೀಮೆ. ಚೈತ್ರ ವೈಶಾಖಗಳಲ್ಲಿ ಬಂಡೆಗಳು ಕಾದು ಗಾಳಿಯೇ ಬೆಂಕಿಯಾಗುವುದು. ನೆರಳೂ ನೀರೂ ದೊರೆಯದ ಹಾದಿಯಲ್ಲಿ ಪ್ರಯಾಣಿಕನು ಅವೆರಡನ್ನೂ ಹಣ ಕೊಟ್ಟು ಕೊಳ್ಳಬೇಕಾಗುವುದು. ಇಂದು ಸೀಸೆಯ ನೀರಿಗೂ ತಂಪುಗಾಳಿಯ ವಾಹನಕ್ಕೂ ಕೊಡುವ ಹಣವೆಲ್ಲ ಇದೇ ಅಲ್ಲವೇ? ಇದನ್ನರಿತೇ ಹಿಂದಿನವರು ಸಾಲುಮರವನ್ನೂ ಕೆರೆಬಾವಿಗಳನ್ನೂ ಅರವಟ್ಟಿಗೆಯನ್ನೂ ಧರ್ಮಕಾರ್ಯಗಳಲ್ಲಿ ಸೇರಿಸಿದರು. ಮಲಪನಗುಡಿಯಲ್ಲಿ ದಾರಿಯ ಪಕ್ಕಕ್ಕೇ, ಕಮಾನಿನ ಪ್ರವೇಶದ್ವಾರವುಳ್ಳ ಹಳೆಯ ಬಾವಿಯೊಂದಿದೆ. ಜನರು ಅದನ್ನು ಸೂಳೆಬಾವಿಯೆಂದು ಕರೆಯುತ್ತ ಬಂದಿದ್ದಾರೆ. ಹೆಸರಿನ ಹಿಂದಿನ ಕಥೆ ಏನೇ ಇರಲಿ, ದಾರಿಹೋಕನ ಬಾಯಾರಿಕೆಯನ್ನು ನೆನೆದವರು ಯಾರೋ ಇದ್ದರೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

ಇನ್ನು ಬೆಲೆಗಳ ವಿಚಾರ. ಪಾಯಸನು ಸಂತೆಯಲ್ಲಿ ಸುತ್ತಿ ಬೆಲೆಗಳನ್ನು ಕೇಳಿ ತಿಳಿದವನು. ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಒಂದು ಹಣಕ್ಕೆ ಹತ್ತು ದಾಳಿಂಬೆ ಎಂದು ಅವನು ಬರೆದಿದ್ದಾನೆ. ಇಂದು ನಾವು ಸಕಲ ಐಶ್ವರ್ಯಕ್ಕೂ ಹೇಳುವ ‘ಹಣ’ವೆಂಬ ಮಾತು ಆಗ ಒಂದು ಸಣ್ಣ ಚಿನ್ನದ ನಾಣ್ಯದ ಹೆಸರಾಗಿದ್ದಿತು. ಅವನು ಕೊಡುವ ಇನ್ನೆರಡು ಲೆಕ್ಕಗಳು ನಮ್ಮ ವಿಷಯಕ್ಕೆ ಬಹಳ ಉಪಯುಕ್ತವಾಗಿವೆ. ವಿಂತೆಮ್ ಎಂಬ ಪೋರ್ಚುಗೀಸ್ ಕಿರುನಾಣ್ಯದ ಬೆಲೆಗೆ ಪಟ್ಟಣದೊಳಗೆ ಮೂರು ಕೋಳಿಗಳು ದೊರೆತರೆ ಹೊರಗೆ ನಾಲ್ಕು ದೊರೆಯುತ್ತಿದ್ದುವು. ಒಂದು ವರಹಕ್ಕೆ ಪಟ್ಟಣದಲ್ಲಿ ಹನ್ನೆರಡು ಕುರಿಗಳಾದರೆ ಗುಡ್ಡಗಾಡಿನಲ್ಲಿ ಹದಿನಾಲ್ಕು ಹದಿನೈದು. ಶಾಕಾಹಾರಿಗಳಾದ ವಾಚಕರು ಪದಾರ್ಥವನ್ನು ಬಿಟ್ಟು ಪ್ರಮಾಣವನ್ನು ಮಾತ್ರ ಗಮನಿಸಬೇಕು. ಜನರು ನೋಡಲು ಬಂದು ಸೇರುವ ಸ್ಥಳದಲ್ಲಿ ಬೆಲೆ ಏರುವುದು, ಅಲ್ಲಿಂದ ಒಂದು ಹರಿದಾರಿ ಈಚೆಗೆ ಇಳಿಯುವುದು. ಇದು ಐನೂರು ವರ್ಷಗಳ ಹಿಂದೆಯೂ ನಡೆಯುತ್ತಿದ್ದ ಸಂಗತಿ. ಆದುದರಿಂದ ಹಣ್ಣುಹಂಪಲನ್ನು ಹೊಸಪೇಟೆಯ ಮಾರುಕಟ್ಟೆಯಲ್ಲಿಯೇ ಕೊಂಡು ಮುಂದೆ ಸಾಗುವ ಗೃಹಿಣಿಯು ಹೊಸದೇನನ್ನೂ ಮಾಡುತ್ತಿಲ್ಲ.

ಆತಿಥೇಯಕ್ಕೆ ಬರೋಣ. ಇಮ್ಮಡಿ ದೇವರಾಯನ ಕಾಲದಲ್ಲಿ, ೧೪೪೩ರಲ್ಲಿ, ಪಾರಸಿಕ ದೇಶದ ಶಾಹರುಖ್ ಸುಲ್ತಾನನ ರಾಯಭಾರಿಯಾಗಿ ಅಬ್ದುಲ್ ರಜಾಕನು ಇಲ್ಲಿಗೆ ಬಂದನು. ಪ್ರತಿದಿನವೂ ಅರಮನೆಯಿಂದ ಅವನ ಬಿಡಾರಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಇವುಗಳ ಮೇಲೆ ಎರಡು ವರಹಗಳು ಬರುತ್ತಿದ್ದುವು. ಅವನು ಮಹಾನವಮಿಯ ಉತ್ಸವವನ್ನು ರಾಜಾತಿಥಿಯಾಗಿ ಕಂಡನು. ಆದರೆ ದಂಡನಾಯಕನ ಸ್ಥಾನಕ್ಕೆ ಬಂದ ಬೇರೊಬ್ಬ ಅಧಿಕಾರಿಯು ಈ ದಿನವಹಿಯನ್ನು ಕಾರಣವಿಲ್ಲದೆ ನಿಲ್ಲಿಸಿಬಿಟ್ಟನೆಂದು ಅವನೇ ಬೇಸರದಿಂದ ಬರೆದುಕೊಂಡಿದ್ದಾನೆ. ರಾಜಾತಿಥ್ಯದ ಸ್ವಭಾವವೇ ಇದು. ಒಬ್ಬನ ಅನುಗ್ರಹದಿಂದ ಬಂದುದು ಮತ್ತೊಬ್ಬನ ಆಗ್ರಹದಿಂದ ಹೋಗುವುದು.

ಸಾಮಾನ್ಯ ಯಾತ್ರಿಕನಿಗೆ ಬೇಕಾದುದು ಅಧಿಕಾರಿಯ ಮುಖವನ್ನು ನೋಡದೆ ನಡೆಯುವ ಏರ್ಪಾಡು. ಅದನ್ನು ಒದಗಿಸಿದವು ದೇವಾಲಯಗಳು, ಮಠಗಳು, ಛತ್ರಗಳು. ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ವಿರೂಪಾಕ್ಷಾಲಯಕ್ಕೆ ರಂಗಮಂಟಪವನ್ನು ಕಟ್ಟಿಸಿ, ದೇವರ ನೈವೇದ್ಯಕ್ಕಾಗಿ ಸಿಂಗನಾಯಕನಹಳ್ಳಿಯನ್ನು ಬಿಟ್ಟುಕೊಟ್ಟುದನ್ನು ೧೫೧೦ರ ಶಾಸನವು ತಿಳಿಸುವುದು. ನೈವೇದ್ಯವೆಂದರೆ ದೇವರ ಮುಂದಿಟ್ಟು ಮುಗಿಯುವ ಅನ್ನವಲ್ಲ. ಮನುಷ್ಯರ ಎಲೆಗೆ ಬಂದು ಮುಗಿಯುವ ಅನ್ನ. ತಿರುಪತಿಯ ಶಾಸನಗಳಲ್ಲಿ ಇದರ ಹಂಚಿಕೆಯು ಸ್ಪಷ್ಟವಾಗಿದೆ. ನಿವೇದಿಸಿದ ಅನ್ನದಲ್ಲಿ ನಾಲ್ಕನೆಯ ಒಂದು ಪಾಲು ದಾನಿಗೆ ಸಲ್ಲುತ್ತಿದ್ದಿತು. ಎಷ್ಟೋ ದಾನಿಗಳು ಆ ಪಾಲನ್ನು ಯಾತ್ರಿಕರ ಊಟಕ್ಕೆಂದು ಬಿಟ್ಟುಕೊಡುತ್ತಿದ್ದರು. ಸಾಳುವ ನರಸಿಂಹನು ಅಲ್ಲಿ ಪರಸ್ಥಳದ ಭಕ್ತರಿಗಾಗಿ ರಾಮಾನುಜಕೂಟಗಳೆಂಬ ಅನ್ನಸತ್ರಗಳನ್ನೇ ಏರ್ಪಡಿಸಿದನು. ಹಂಪೆಯಲ್ಲಿಯೂ ರಾಜಾವರಣದ ಸಮೀಪದಲ್ಲಿ, ನೀರು ಹರಿಯುವ ಕಲ್ಲಿನ ಕಾಲುವೆಯ ಎರಡು ದಡಗಳಲ್ಲಿ ಸಾಲಾಗಿ ಕಲ್ಲಿನ ತಟ್ಟೆಗಳನ್ನು ಹಾಸಿರುವುದನ್ನು ಈಗಲೂ ಕಾಣಬಹುದು. ಅನ್ನಕ್ಕೊಂದು, ಪಲ್ಯ ಸಾರುಗಳಿಗೆ ಬೇರೆ ಬೇರೆ ಕುಳಿಗಳನ್ನು ಕಲ್ಲಿನಲ್ಲಿಯೇ ಕೊರೆದಿದ್ದಾರೆ. ಉಂಡು, ಅಲ್ಲಿಯೇ ತೊಳೆದು, ಎದ್ದು ಹೋದರಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಯಾತ್ರಿಕನಿಗೆ ಪುಕ್ಕಟೆಯಾಗಿ ತೋರಿದ ಆ ಅನ್ನಕ್ಕೆ ಬೆಲೆಯನ್ನು ಕೊಟ್ಟವನೊಬ್ಬನು ಇದ್ದೇ ಇದ್ದನು. ಅರಸನು ಹಳ್ಳಿಯನ್ನು ಬಿಟ್ಟುಕೊಟ್ಟರೆ ಆ ಹಳ್ಳಿಯ ರೈತನು ಉತ್ತು ಬಿತ್ತಿ ಬೆಳೆದ ಭತ್ತವು ದೇವರ ಉಗ್ರಾಣಕ್ಕೆ ಬರುತ್ತಿದ್ದಿತು. ರಾಯಕಾಲುವೆ, ಬಸವಣ್ಣಕಾಲುವೆ, ತುರ್ತುಕಾಲುವೆಗಳನ್ನು ಬಂಡೆಯೊಡೆದು ತಂದ ಒಡ್ಡರ ಬೆವರೂ ಆ ಅನ್ನದಲ್ಲಿ ಬೆರೆತಿದ್ದಿತು. ಛತ್ರದಲ್ಲಿ ಉಂಡವನು ಹಣ ಕೊಡದಿದ್ದರೂ ಋಣವನ್ನು ಹೊತ್ತುಕೊಂಡೇ ಏಳುತ್ತಿದ್ದನು. ತಾನು ಅನುಕೂಲಸ್ಥನಾದಾಗ ಒಂದು ಅರವಟ್ಟಿಗೆಯನ್ನೋ, ಛತ್ರಕ್ಕೆ ಒಂದು ಚೀಲ ಅಕ್ಕಿಯನ್ನೋ ಕೊಟ್ಟು ಅದನ್ನು ತೀರಿಸುತ್ತಿದ್ದನು. ಹಿಂದಿನವರ ಮಿತವ್ಯಯದ ತಳಹದಿಯು ಈ ಕೊಡುಕೊಳೆಯೇ ಹೊರತು ಚೌಕಾಸಿಯಲ್ಲ.

೧೫೬೫ರ ಯುದ್ಧದಲ್ಲಿ ಪಟ್ಟಣವು ಹಾಳಾಯಿತು. ನಾಗಲಾಪುರದ ಬೀದಿಯ ಅಂಗಡಿಗಳೂ ಸಾಲುಮರಗಳೂ ಕ್ರಮೇಣ ಅಳಿದುವು. ಆದರೆ ವಿರೂಪಾಕ್ಷನ ಪೂಜೆಯು ನಡೆಯುತ್ತ ಬಂದಿತು. ಚೈತ್ರದ ರಥೋತ್ಸವಕ್ಕೆ ಜನರು ಬರುತ್ತಲೇ ಇದ್ದರು. ರಾಜಾಶ್ರಯವು ಕುಂದಿದಾಗ ಆತಿಥೇಯದ ಭಾಗವು ಕಡಿಮೆಯಾಗಿ ಪಾಥೇಯದ ಭಾಗವು ಹೆಚ್ಚಾಯಿತೆಂದು ಹೇಳಬಹುದು. ಕಂಪ್ಲಿಯಿಂದಲೋ ಸಂಡೂರಿನಿಂದಲೋ ಬಂಡಿ ಕಟ್ಟಿಕೊಂಡು ಬರುವವರು ಮೂರು ದಿನದ ಬುತ್ತಿಯನ್ನು ತರುವರು; ಪಾಳು ಮಂಟಪದಲ್ಲಿ ಮೂರು ಕಲ್ಲುಗಳನ್ನಿಟ್ಟು ಒಲೆ ಹೂಡುವರು; ಹೊಳೆಯಲ್ಲಿ ಮಿಂದು, ದೇವರನ್ನು ಕಂಡು, ರಾತ್ರಿ ಬಯಲಾಟವನ್ನೋ ಹರಿಕಥೆಯನ್ನೋ ನೋಡಿ, ಬೆಳಗಾದ ಮೇಲೆ ತೇರಿನ ಹಗ್ಗಕ್ಕೆ ಕೈ ಹಚ್ಚಿ ಹಿಂದಿರುಗುವರು. ಮನರಂಜನೆಗೆಂದು ಬೇರೆ ವೆಚ್ಚವೇ ಇರಲಿಲ್ಲ. ಊರಿಗೆ ಊರೇ ಸೇರಿ ಮಾಡಿದ ಉತ್ಸವದಲ್ಲಿ ನೋಡುವವನೂ ಆಡುವವನೂ ಒಂದೇ ಜನ.

ಈ ಬುತ್ತಿಯ ಶಾಸ್ತ್ರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಏಕೆಂದರೆ ನಮ್ಮ ಅಜ್ಜಿಯರು ಇದರಲ್ಲಿ ಪಂಡಿತೆಯರಾಗಿದ್ದರು. ಬಿಸಿಲಿನಲ್ಲಿ ಯಾವುದು ಎಷ್ಟು ಹೊತ್ತು ನಿಲ್ಲುವುದೆಂಬುದೇ ಆ ಶಾಸ್ತ್ರದ ಮರ್ಮ. ಮೊದಲ ಹೊತ್ತಿಗೆ ಮೊಸರಬುತ್ತಿ. ಅನ್ನಕ್ಕೆ ಮೊಸರನ್ನೇ ಹಾಕಿದರೆ ಮಧ್ಯಾಹ್ನಕ್ಕೆ ಹುಳಿಯಾಗುವುದೆಂದು ಹಾಲನ್ನು ಕಲಸಿ, ಹೆಪ್ಪಿಗೆಂದು ಒಂದು ಚಮಚ ಮೊಸರನ್ನು ಸೇರಿಸುವರು. ಅದು ದಾರಿಯಲ್ಲಿಯೇ ಹದವಾಗುವುದು. ಎರಡನೆಯ ದಿನಕ್ಕೆ ಹುಣಿಸೆಯ ಗೊಜ್ಜು ಹಚ್ಚಿದ ಹುಳಿಯನ್ನ. ಅನಂತರದ ದಿನಗಳಿಗೆ ಜೋಳದ ಕಟಿರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ. ಇವು ವಾರಗಟ್ಟಲೆ ಕೆಡುವುದಿಲ್ಲ. ಮಕ್ಕಳ ಕೈಗೆ ಮಂಡಕ್ಕಿ, ಪುಟಾಣಿ, ಬೆಲ್ಲ. ಬಾಯಾರಿಕೆಗೆ ಉಪ್ಪು ಜೀರಿಗೆ ಹಾಕಿದ ನೀರುಮಜ್ಜಿಗೆ. ತಿನ್ನುವುದಕ್ಕೆ ಕಾಲುವೆಯ ಪಕ್ಕದ ತೋಟದ ಬಾಳೆಲೆ. ತೊಳೆಯುವ ಶ್ರಮವೂ ಇಲ್ಲ, ಉಳಿದುದು ದನಕ್ಕೆ. ನಾನು ಅಧ್ಯಾಪಕನಾಗಿದ್ದಾಗ ಹುಡುಗರನ್ನು ಹಂಪೆಗೆ ಕರೆದುಕೊಂಡು ಹೋಗುತ್ತಿದ್ದೆನು. ಪ್ರತಿಯೊಬ್ಬನೂ ತನ್ನ ಮನೆಯ ರೊಟ್ಟಿಯನ್ನು ತರುವನು. ಎಲ್ಲವನ್ನೂ ಒಂದೇ ಧೋತರದ ಮೇಲೆ ಸುರಿದು ಹಂಚುವೆವು. ಯಾರ ಮನೆಯ ರೊಟ್ಟಿ ಯಾರ ಪಾಲಿಗೆ ಬಂದಿತೆಂಬುದು ತಿಳಿಯುತ್ತಿರಲಿಲ್ಲ. ಬಡವರ ಹುಡುಗನಿಗೆ ಸಂಕೋಚವೂ ಇರುತ್ತಿರಲಿಲ್ಲ.

೧೮೮೪ರಲ್ಲಿ ಬಳ್ಳಾರಿಯಿಂದ ಹೊಸಪೇಟೆಗೆ ರೈಲು ಬಂದಿತು. ಮೂರನೆಯ ತರಗತಿಯ ಡಬ್ಬಿಯಲ್ಲಿ ದೂರದ ಯಾತ್ರಿಕರೂ ಬರತೊಡಗಿದರು; ಆದರೂ ಬುತ್ತಿಯ ಗಂಟು, ನೀರಿನ ತಂಬಿಗೆ ಕೈಬಿಡಲಿಲ್ಲ. ಇದೇ ಕಾಲದಲ್ಲಿ ಇನ್ನೊಂದು ಬಗೆಯ ವಿಹಾರವೂ ನಮ್ಮ ನೆರೆಯಲ್ಲಿ ನಡೆಯುತ್ತಿದ್ದಿತು. ಸಂಡೂರಿನ ಬೆಟ್ಟಗಳಲ್ಲಿರುವ ರಾಮನದುರ್ಗವನ್ನು ಆಂಗ್ಲರು ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ತಮ್ಮ ಸೈನಿಕರ ಆರೋಗ್ಯಧಾಮವನ್ನಾಗಿ ಮಾಡಿಕೊಂಡಿದ್ದರು. ಬಳ್ಳಾರಿಯ ಬೇಗೆಯನ್ನು ತಾಳಲಾರದವರು ಬೆಟ್ಟವೇರಿ ತಂಪಿನಲ್ಲಿ ಕಾಲ ಕಳೆಯುವರು. ಬೇಕಾದುದೆಲ್ಲವನ್ನೂ ಕೆಳಗಿನಿಂದ ಹೊತ್ತು ಮೇಲಕ್ಕೆ ತಲಪಿಸಬೇಕಾಗಿದ್ದಿತು. ಸ್ಥಳದಲ್ಲಿರುವುದಕ್ಕೆ ನಾವು ಹೊಂದಿಕೊಳ್ಳುವುದು ಯಾತ್ರೆ. ನಮ್ಮ ಮನೆಯ ಸೌಕರ್ಯವೆಲ್ಲವೂ ಸ್ಥಳಕ್ಕೆ ಬರಬೇಕೆನ್ನುವುದು ಆ ಬಗೆಯ ವಿಹಾರ. ಇಂದಿನ ನಮ್ಮ ಪ್ರವಾಸವು ಮೊದಲನೆಯದನ್ನು ಬಿಟ್ಟು ಎರಡನೆಯದರ ಕಡೆಗೆ ವಾಲಿರುವುದೇ ವೆಚ್ಚದ ಮುಖ್ಯ ಕಾರಣ.

ಇನ್ನೊಂದು ಕಾರಣವು ನಮ್ಮ ಕೈಮೀರಿದುದು. ೧೯೮೬ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿತು. ಸ್ಮಾರಕಗಳ ರಕ್ಷಣೆಗೆಂದು ೨೦೧೧ರ ಜುಲೈ ತಿಂಗಳಲ್ಲಿ ರಥಬೀದಿಯ ಮಂಟಪಗಳಲ್ಲಿ ಬಹುಕಾಲದಿಂದ ನೆಲೆಸಿದ್ದ ಮನೆಗಳನ್ನೂ ಅಂಗಡಿಗಳನ್ನೂ ತೆರವು ಮಾಡಿದರು. ಕಲ್ಲಿನ ಕಂಬಗಳಿಗೆ ಹೊಗೆ ಹಿಡಿಯುವುದೂ ಮೊಳೆ ಬಡಿಯುವುದೂ ತಪ್ಪಿದುದು ಒಳ್ಳೆಯದೇ. ಆದರೆ ಬಡ ಯಾತ್ರಿಕನಿಗೆ ಅಗ್ಗದ ಊಟವೂ ಒಂದು ರಾತ್ರಿಯ ಚಾಪೆಯೂ ದೊರೆಯುತ್ತಿದ್ದುದು ಅಲ್ಲಿಯೇ. ವಾಸತೇಯವು ಹಾಗೆ ಹಿಂದಕ್ಕೆ ಸರಿದು ಹೊಸಪೇಟೆ ಕಮಲಾಪುರಗಳ ಕಡೆಗೆ ಹೋಯಿತು. ಕಲ್ಲೂ ಉಳಿಯಬೇಕು, ಯಾತ್ರಿಕನಿಗೂ ನೆಲೆಯಿರಬೇಕು. ಇವೆರಡನ್ನೂ ಕೂಡಿಸುವ ಉಪಾಯವನ್ನು ನಾವಿನ್ನೂ ಪೂರ್ಣವಾಗಿ ಕಂಡುಕೊಂಡಿಲ್ಲ.

ಇಂತಿರಲು ಇಂದಿನ ಗೃಹಸ್ಥನು ಮಾಡಬಹುದಾದುದೇನು? ಹಳೆಯ ನಾಲ್ಕು ಮಾತುಗಳ ಕ್ರಮದಲ್ಲಿಯೇ ಹೇಳುವೆನು. ಪಾಥೇಯವು ಮನೆಯಿಂದಲೇ ಬರಲಿ. ಎರಡು ಹೊತ್ತಿನ ಬುತ್ತಿ, ಮನೆಯ ನೀರು, ಹೊಸಪೇಟೆಯ ಹಣ್ಣು. ಮಂಟಪದಲ್ಲಿ ಒಲೆ ಹೂಡುವ ಹಳೆಯ ಪದ್ಧತಿಯು ಮಾತ್ರ ಈಗ ಸಲ್ಲದು; ಕಟಿರೊಟ್ಟಿಗೆ ಬೆಂಕಿಯು ಬೇಕಾಗಿಯೂ ಇಲ್ಲ. ಮಿಕ್ಕ ಒಂದು ಹೊತ್ತಿಗೆ ಖಾನಾವಳಿಯುಂಟು. ಅಲ್ಲಿ ಬಿಸಿರೊಟ್ಟಿ, ಪಲ್ಯ, ಕಾಳು, ಮೊಸರುಗಳ ಊಟವು ಹೊಟ್ಟೆಯನ್ನೂ ತುಂಬುವುದು, ಊರಿನ ರುಚಿಯನ್ನೂ ಮಕ್ಕಳಿಗೆ ತಿಳಿಸುವುದು.

ಆತಿಥೇಯವು ರೂಪಾಂತರದಲ್ಲಿ ಇನ್ನೂ ಉಳಿದಿದೆ. ಹೊಸಪೇಟೆಯಿಂದ ಮಲಪನಗುಡಿಯ ಮೇಲೆ ಹಂಪೆಗೆ ಸರ್ಕಾರದ ಸಾರಿಗೆ ನಿಗಮದ ಬಸ್ಸುಗಳು ಹೋಗುವುವು. ೨೦೨೩ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯಂತೆ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ದರವಿಲ್ಲ. ಹೇಮಕೂಟ, ಸಾಸಿವೆಕಾಳು ಗಣಪತಿ, ಉಗ್ರನರಸಿಂಹ, ಮಹಾನವಮಿ ದಿಬ್ಬ, ಹಜಾರರಾಮ ದೇವಾಲಯ, ಅಚ್ಯುತರಾಯನ ದೇವಾಲಯ ಇವೆಲ್ಲವನ್ನೂ ಶುಲ್ಕವಿಲ್ಲದೆ ನೋಡಬಹುದು. ವಿಠ್ಠಲಾಲಯಕ್ಕೂ ಕಮಲಮಹಲಿನ ಆವರಣಕ್ಕೂ ಚೀಟಿ ಬೇಕು. ಆದರೆ ಒಂದೆಡೆ ಕೊಂಡ ಚೀಟಿಯು ಅದೇ ದಿನ ಮತ್ತೊಂದೆಡೆಗೂ ಸಲ್ಲುವುದು, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಚೀಟಿಯೇ ಬೇಡ. ಆದುದರಿಂದ ಇವೆರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳತಕ್ಕದ್ದು. ವಿರೂಪಾಕ್ಷಾಲಯದಿಂದ ವಿಠ್ಠಲಾಲಯಕ್ಕೆ ಹೊಳೆಯ ದಂಡೆಯಲ್ಲಿ ಸುಮಾರು ಎರಡು ಕಿಲೋಮೀಟರು ಕಾಲುದಾರಿಯಿದೆ. ಸೂರ್ಯೋದಯಕ್ಕೆ ಹೊರಟರೆ ಬಿಸಿಲೇರುವ ಮುನ್ನ ತಲಪಬಹುದು. ಅಷ್ಟು ದೂರಕ್ಕೆ ವಾಹನವೇಕೆ? ಸಾಧ್ಯವಾದವರು ಬೇಸಗೆಯನ್ನು ಬಿಟ್ಟು ಮಾರ್ಗಶಿರ ಪುಷ್ಯಗಳಲ್ಲಿ ಹೋದರೆ ತಂಪಿಗೆಂದು ಮಾಡುವ ವೆಚ್ಚವೂ ಉಳಿಯುವುದು. ದಿನಾಂತ್ಯಕ್ಕೆ ಮನೆಗೆ ಮರಳಬಲ್ಲ ನಮ್ಮ ಸೀಮೆಯವರಿಗೆ ವಾಸತೇಯದ ಚಿಂತೆಯೇ ಇಲ್ಲ. ದೂರದವರು ಹೊಸಪೇಟೆಯಲ್ಲಿ ತಂಗುವುದು ಲೇಸು.

ಸ್ವಾಪತೇಯವು ಕೊನೆಯದು. ಹೀಗೆ ಉಳಿದ ಹಣವನ್ನು ಏನು ಮಾಡಬೇಕೆಂಬಲ್ಲಿ ಮಿತವ್ಯಯಕ್ಕೂ ಲೋಭಕ್ಕೂ ಇರುವ ಭೇದವು ಗೊತ್ತಾಗುವುದು. ಎಳನೀರು ಮಾರುವ ಮುದುಕಿಯೊಡನೆ ಐದು ರೂಪಾಯಿಗೆ ಜಗಳವಾಡಿ ಉಳಿಸುವುದು ಮಿತವ್ಯಯವಲ್ಲ. ಅವಳ ಪಾಥೇಯವನ್ನು ನಾವು ಕಸಿದುಕೊಂಡಂತೆ. ದಾಸೋಹದಲ್ಲಿ ಉಂಡು, ಶಕ್ತಿಯಿದ್ದೂ ಏನನ್ನೂ ಕೊಡದೆ ಬರುವುದು ಉಳಿತಾಯವಲ್ಲ. ಮುಂದೆ ಬರುವ ಬಡವನ ತುತ್ತಿಗೆ ಅಷ್ಟು ಕೊರತೆ ಮಾಡಿದಂತೆ. ವ್ಯರ್ಥವಾಗಿ ಹೋಗುವುದನ್ನು ತಡೆದು ಸಾರ್ಥಕವಾದುದಕ್ಕೆ ಕೊಡುವವನೇ ಮಿತವ್ಯಯಿ. ಊರಿನ ಮಾರ್ಗದರ್ಶಿಯೊಬ್ಬನಿಗೆ ಅರ್ಧ ದಿನದ ಕೂಲಿ ಕೊಟ್ಟು ಮಕ್ಕಳಿಗೆ ಕಲ್ಲುಗಳ ಕಥೆಯನ್ನು ಹೇಳಿಸಿದರೆ ಅದು ಹೋಟೆಲಿನ ಒಂದು ಊಟಕ್ಕಿಂತ ಹೆಚ್ಚು ಕಾಲ ನಿಲ್ಲುವುದು.

ಊರವರೂ ತಮ್ಮ ಪಾಲನ್ನು ಮಾಡಬೇಕಾಗಿದೆ. ಈ ಹಾದಿಯ ಎರಡು ಪಕ್ಕಗಳಲ್ಲಿ ಮತ್ತೆ ಸಾಲುಮರಗಳನ್ನು ಬೆಳೆಸುವುದು, ಬೇಸಗೆಯ ನಾಲ್ಕು ತಿಂಗಳು ಮಲಪನಗುಡಿಯಂತಹ ಗ್ರಾಮಗಳಲ್ಲಿ ಅರವಟ್ಟಿಗೆಯನ್ನಿಡುವುದು, ರಜೆಯಲ್ಲಿ ಬರಿದಾಗಿರುವ ಶಾಲೆಗಳ ಕೊಠಡಿಗಳನ್ನು ದೂರದಿಂದ ಬರುವ ಬಡ ಮಕ್ಕಳ ತಂಡಗಳಿಗೆ ಒಂದೆರಡು ರಾತ್ರಿ ಕೊಡುವುದು, ಇವು ಯಾವುವೂ ಅರಸರ ಬೊಕ್ಕಸವನ್ನು ಬೇಡುವ ಕೆಲಸಗಳಲ್ಲ. ಬಾವಿಯನ್ನು ಕಟ್ಟಿಸಿದವರು ನಮ್ಮ ಬಾಯಾರಿಕೆಯನ್ನು ಅರಿಯದವರು; ಆದರೂ ಕಟ್ಟಿಸಿದರು. ಮುಂದಿನ ರಜೆಯಲ್ಲಿ ನಮ್ಮ ವಾಚಕರ ಮನೆಗಳಿಂದ ಬುತ್ತಿಯ ಗಂಟುಗಳು ಈ ಹಾದಿಯನ್ನು ಹಿಡಿಯಲಿ. ಹಿಂದಿರುಗುವವರು ದಾರಿಯ ಬದಿಯಲ್ಲಿ ಒಂದು ಸಸಿಯನ್ನಾದರೂ ನೆಟ್ಟು ಬರಲಿ.